ಒಂಬತ್ತರಲ್ಲಿ ಒಬ್ಬಾಕೆ

(ಮಹಿಳಾ ವೇದಿಕೆಯ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕಾರ್ಯದರ್ಶಿಗಳು ಫೋನ್ ಮಾಡಿ, "ನೀವು ಕಂಪ್ಯೂಟರಿನವರು, ಎ.ಐ. ಬಗ್ಗೆ ಒಂದಿಷ್ಟು ಮಾತಾಡಿ" ಅಂದರು. ವಾರವಿಡೀ ಆಫೀಸಿನಲ್ಲಿ ಅದೇ ಮಾತು, ಭಾನುವಾರವಾದರೂ ಬಿಟ್ಟುಬಿಡಿ ಅಂದೆ. ಚಿತ್ರಕಲೆಯಲ್ಲಿ ಹೆಂಗಸರ ಲೆಕ್ಕ ಹೇಳುತ್ತೇನೆ ಅಂದಾಗ ಅವರು ಒಂದು ಗಳಿಗೆ ಸುಮ್ಮನಿದ್ದು, "ಎಷ್ಟು ನಿಮಿಷ ಆಗಬಹುದು?" ಎಂದು ಕೇಳಿದರು. ನಾನು ಕಲಾ ವಿಮರ್ಶಕಿ ಅಲ್ಲ. ಓದಿದ್ದು ಎಂ.ಟೆಕ್., ಹೊಟ್ಟೆಪಾಡಿಗೆ ಮಾಡುವುದು ಡೇಟಾ ಕೆಲಸ. ರಜೆ ಸಿಕ್ಕರೆ ಗ್ಯಾಲರಿ ಸುತ್ತುವ ಚಟ ಇದೆ. ಅಲ್ಲಿ ಚಿತ್ರ ನೋಡುವುದರ ಜೊತೆಗೆ ಪಕ್ಕದ ಚೀಟಿಯಲ್ಲಿರುವ ಹೆಸರನ್ನೂ ಎಣಿಸುವುದು ನನ್ನ ವೃತ್ತಿದೋಷ. ಇವತ್ತಿನ ಮಾತು ಆ ಎಣಿಕೆಯಿಂದ ಹುಟ್ಟಿದ್ದು.

ಮೊದಲು ನಮಗೆಲ್ಲ ಗೊತ್ತಿರುವ ಚಿತ್ರದಿಂದ ಶುರು ಮಾಡೋಣ. ಮೈಸೂರಿನ ಜಗನ್ಮೋಹನ ಅರಮನೆಗೆ ಶಾಲೆಯ ಪ್ರವಾಸದಲ್ಲಿ ಹೋಗದವರು ಇಲ್ಲಿ ಕಡಿಮೆ. ಅಲ್ಲಿ ಕತ್ತಲೆ ಕೋಣೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳೊಬ್ಬಳ ಚಿತ್ರವಿದೆ. ಒಂದು ಕೈ ದೀಪಕ್ಕೆ ಮರೆ, ಬೆರಳ ಸಂದಿಯಲ್ಲಿ ಕೆಂಪು ಬೆಳಕು. ಬಹಳ ಜನ ಅದನ್ನು ರವಿವರ್ಮನ ಚಿತ್ರ ಅಂತಲೇ ನಂಬಿದ್ದಾರೆ. ಅಲ್ಲ, ಅದನ್ನು 1940ರ ದಶಕದಲ್ಲಿ ಜಲವರ್ಣದಲ್ಲಿ ರಚಿಸಿದವರು ಸಾವಂತವಾಡಿ ಕಡೆಯ ಎಸ್.ಎಲ್. ಹಳದಣಕರ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆ ಗೀತಾ ಉಪಳೇಕರ ಅವರು ಕೊಲ್ಹಾಪುರದಲ್ಲಿ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅವರ ಮುಖ ಲಕ್ಷಾಂತರ ಕನ್ನಡಿಗರಿಗೆ ಗೊತ್ತು. ಹೆಸರು ಗೊತ್ತಿರುವವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತಿ. (ಎರಡು ಕೈ. ಅದರಲ್ಲಿ ಒಬ್ಬರು ಕೊಲ್ಹಾಪುರದವರೇ!)

ಚಿತ್ರದ ಒಳಗೆ ಹೆಂಗಸರಿಗೆ ಯಾವತ್ತೂ ಬರವಿಲ್ಲ. ಲಕ್ಷ್ಮಿ, ಸರಸ್ವತಿ, ಶಕುಂತಲೆ, ದಮಯಂತಿ, ನೀರು ತರುವವಳು, ಹೂ ಕಟ್ಟುವವಳು, ಎಲ್ಲ ನಾವೇ. ಕುಂಚ ಹಿಡಿದ ಕಡೆ ಎಷ್ಟು ಜನ ಇದ್ದೇವೆ ಅನ್ನುವುದು ನನ್ನ ಪ್ರಶ್ನೆ.

ನಮ್ಮ ದೇಶದಲ್ಲಿ 1972ರ ಒಂದು ಕಾಯ್ದೆ ಇದೆ, ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳಿಗೆ ಸಂಬಂಧಿಸಿದ್ದು. ಅದರ ಅಡಿಯಲ್ಲಿ ಒಂಬತ್ತು ಕಲಾವಿದರ ಕೃತಿಗಳನ್ನು ರಾಷ್ಟ್ರದ ಕಲಾ ನಿಧಿ ಎಂದು ಘೋಷಿಸಲಾಗಿದೆ. ಅವರ ಚಿತ್ರಗಳನ್ನು ದೇಶದಿಂದ ಹೊರಗೆ ಮಾರುವಂತಿಲ್ಲ. ರವಿವರ್ಮ, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ನಿಕೋಲಸ್ ರೋರಿಕ್, ಶೈಲೋಜ್ ಮುಖರ್ಜಿ. ಎಂಟಾಯಿತು. ಒಂಬತ್ತನೆಯವರು ಅಮೃತಾ ಶೇರ್‌ಗಿಲ್.

ಒಂಬತ್ತರಲ್ಲಿ ಒಬ್ಬಾಕೆ. "ಆ ಕಾಲದಲ್ಲಿ ಹೆಂಗಸರು ಎಲ್ಲಿ ಚಿತ್ರ ಬರೆಯುತ್ತಿದ್ದರು ಬಿಡಿ" ಎಂದು ಯಾರಾದರೂ ಹೇಳಬಹುದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ, ಆದರೆ ಪಟ್ಟಿಯಲ್ಲಿರುವ ಗಂಡಸರ ಮನೆಯೊಳಗೆ ಇಣುಕಿದರೆ ಬೇರೆಯೇ ಚಿತ್ರ ಕಾಣುತ್ತದೆ.

ರವಿವರ್ಮನ ಮನೆಯಿಂದಲೇ ನೋಡೋಣ. ಕೇರಳದ ಕಿಳಿಮಾನೂರು. ರವಿವರ್ಮನಿಗೆ ರಾಜರಾಜವರ್ಮ ಎಂಬ ತಮ್ಮ, ಮಂಗಳಾಬಾಯಿ ತಂಬುರಾಟ್ಟಿ ಎಂಬ ತಂಗಿ. ಮೂವರೂ ಚಿತ್ರಕಾರರು. ತಮ್ಮ ಅಣ್ಣನ ಬೆನ್ನಿಗೆ ನಿಂತು ಮೈಸೂರು, ಬರೋಡಾ, ಉದಯಪುರ ಎಂದು ಅರಮನೆಯಿಂದ ಅರಮನೆಗೆ ತಿರುಗಿದ. ಮುಂಬೈಯಲ್ಲಿ ಇಬ್ಬರೂ ಕೂಡಿ ಕೆಲಸ ಮಾಡಿದರು. ಆತ ದಿನಚರಿಯನ್ನೂ ಬರೆದಿಟ್ಟ, ಅದು ಇಂದು ಸಂಶೋಧಕರಿಗೆ ದೊಡ್ಡ ಆಕರ. 1894ರಲ್ಲಿ ಘಾಟ್‌ಕೋಪರ್‌ನಲ್ಲಿ ಲಿಥೋ ಪ್ರೆಸ್ ಆಯಿತು, ಆಮೇಲೆ ಅದು ಮಳವಲಿಗೆ ಬಂತು. ಪುಣೆಯಿಂದ ಲೋನಾವಳಾ ಲೋಕಲ್ ಹತ್ತಿದರೆ ಸಿಗುವ ಅದೇ ಮಳವಲಿ. ನಮ್ಮ ಅಜ್ಜಿಯರ ದೇವರ ಕೋಣೆಯ ಲಕ್ಷ್ಮಿ ಆ ಕಡೆಯಿಂದಲೇ ಬಂದಳು.

ತಂಗಿ ಮಂಗಳಾಬಾಯಿ? ಅವರೂ ತೈಲವರ್ಣ ಕಲಿತವರು. ಅಣ್ಣನ ಭಾವಚಿತ್ರವನ್ನೇ ಬರೆದಿದ್ದಾರೆ. ಭಿಕ್ಷೆ ನೀಡುವ ದೃಶ್ಯದ ಅವರ ಚಿತ್ರವೂ ಇದೆ. ಆದರೆ ಅವರಿಗೆ ಮೈಸೂರಿಲ್ಲ, ಬರೋಡಾ ಇಲ್ಲ, ಘಾಟ್‌ಕೋಪರ್ ಇಲ್ಲ. ರಾಜಮನೆತನದ ಹೆಣ್ಣುಮಗಳು ಬಣ್ಣದ ಪೆಟ್ಟಿಗೆ ಹೊತ್ತು ಊರೂರು ತಿರುಗಿ, ಮಹಾರಾಜರಿಂದ ಇಷ್ಟು ಕೊಡಿ ಎಂದು ಹಣ ಮಾತಾಡುವ ಕಾಲ ಅದಾಗಿರಲಿಲ್ಲ. ರವಿವರ್ಮ ರವಿವರ್ಮನಾದದ್ದು ಕೈಚಳಕದಿಂದ ಮಾತ್ರ ಅಲ್ಲ. ರೈಲು, ಗಿರಾಕಿ, ಪ್ರೆಸ್ಸು ಮತ್ತು ಜೊತೆಗೊಬ್ಬ ತಮ್ಮ, ಇವೂ ಸೇರಿದವು. ತಂಗಿಗೆ ಅವುಗಳಲ್ಲಿ ಯಾವುದೂ ಇರಲಿಲ್ಲ.

ಇನ್ನು ಕಲ್ಕತ್ತದ ಜೋಡಾಸಾಂಕೋ. ಅವನೀಂದ್ರನಾಥ, ಗಗನೇಂದ್ರನಾಥ ಇಬ್ಬರೂ ಒಡಹುಟ್ಟಿದವರು, ಇಬ್ಬರೂ ಒಂಬತ್ತರ ಪಟ್ಟಿಯಲ್ಲಿದ್ದಾರೆ. ಅವರಿಗೆ ಸುನಯನೀ ದೇವಿ ಎಂಬ ತಂಗಿ, 1875ರಲ್ಲಿ ಹುಟ್ಟಿದವರು. ಹನ್ನೆರಡನೇ ವಯಸ್ಸಿಗೆ ಮದುವೆ. ಚಿತ್ರಕಲೆಯ ಪಾಠ ಯಾರೂ ಹೇಳಿಕೊಡಲಿಲ್ಲ. ಅಣ್ಣಂದಿರು ಮಾಡುವುದನ್ನು ಕಣ್ಣಲ್ಲೇ ಕಲಿತು, ಸುಮಾರು ಮೂವತ್ತನೇ ವಯಸ್ಸಿನಲ್ಲಿ ಕುಂಚ ಹಿಡಿದರು. ಸ್ಟುಡಿಯೋ ಎಂಬುದು ಇರಲಿಲ್ಲ. ಮನೆಯ ಮಂಚದ ಮೇಲೆ ಕುಳಿತು, ಆಳುಕಾಳಿಗೆ ಕೆಲಸ ಹೇಳುತ್ತ, ಮಕ್ಕಳನ್ನು ನೋಡಿಕೊಳ್ಳುತ್ತ, ನಡುವೆ ಕಾಗದವನ್ನು ನೀರಲ್ಲಿ ಅದ್ದಿ ಬಣ್ಣ ಹಚ್ಚುತ್ತಿದ್ದರು. ರಾಧೆ, ಕೃಷ್ಣ, ಅರ್ಧನಾರೀಶ್ವರ, ಉದ್ದ ಕಣ್ಣಿನ ಹೆಣ್ಣುಮಕ್ಕಳು. ನಮ್ಮಲ್ಲಿ ವರ್ಕ್ ಫ್ರಮ್ ಹೋಮ್ ಮಾಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಪ್‌ಟಾಪ್ ಮುಂದೆ ಮೀಟಿಂಗು, ಹಿಂದೆ ಕುಕ್ಕರ್ ಸೀಟಿ.

ಅವರು ಅಜ್ಞಾತರಾಗಿಯೂ ಉಳಿಯಲಿಲ್ಲ. 1922ರ ಕೊನೆಗೆ ಕಲ್ಕತ್ತದಲ್ಲಿ ಒಂದು ಅಪರೂಪದ ಪ್ರದರ್ಶನ ನಡೆಯಿತು. ಜರ್ಮನಿಯ ಬೌಹೌಸ್ ಶಾಲೆಯ ಕ್ಯಾಂಡಿನ್‌ಸ್ಕಿ, ಪಾಲ್ ಕ್ಲೇ ಮೊದಲಾದವರ ಕೃತಿಗಳು ಬಂದವು, ಜೊತೆಗೆ ನಮ್ಮವರ ಚಿತ್ರಗಳು. ನಮ್ಮವರ ಸಾಲಿನಲ್ಲಿ ಸುನಯನೀ ದೇವಿಯೂ ಇದ್ದರು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ ಅವರ ಬಗ್ಗೆ ಮೆಚ್ಚಿ ಬರೆದರು. ಅಂದರೆ ನೋಡಿದವರಿಗೆ ಬೆಲೆ ಗೊತ್ತಿತ್ತು. ಅಷ್ಟಾಗಿಯೂ ಒಂದೇ ಮನೆಯ ಅಣ್ಣಂದಿರಿಬ್ಬರೂ ರಾಷ್ಟ್ರದ ನಿಧಿ, ತಂಗಿಯ ಹೆಸರು ಹುಡುಕಿದರೆ ಸಿಗುವ ಅಡಿಟಿಪ್ಪಣಿ.

ಸುನಯನೀ ದೇವಿ ಅವನೀಂದ್ರರಿಗಿಂತ ದೊಡ್ಡ ಕಲಾವಿದೆ ಎಂದು ನಾನು ವಾದಿಸುತ್ತಿಲ್ಲ. ಆ ಹೋಲಿಕೆ ಮಾಡುವುದೇ ಸಾಧ್ಯವಿಲ್ಲ, ಅದು ನನ್ನ ತಕರಾರು. ಒಬ್ಬರಿಗೆ ಗುರುಗಳು, ಶಿಷ್ಯರು, ಕಲಾಶಾಲೆಯ ಹುದ್ದೆ ಇತ್ತು. ಇನ್ನೊಬ್ಬರಿಗೆ ಮಂಚದ ಒಂದು ತುದಿ ಇತ್ತು. ಪರೀಕ್ಷೆಯೇ ಬೇರೆ ಬೇರೆಯಾದಾಗ ಅಂಕ ಪಕ್ಕಪಕ್ಕ ಇಟ್ಟು ಏನು ಪ್ರಯೋಜನ?

ಹಾಗಾದರೆ ಪಟ್ಟಿಗೆ ಬಂದ ಆ ಒಬ್ಬಾಕೆ ಹೇಗೆ ಬಂದರು? ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟ್‌ನಲ್ಲಿ. ತಾಯಿ ಹಂಗೇರಿಯವರು, ತಂದೆ ಸಿಖ್ ಮನೆತನದವರು. ಹದಿಹರೆಯದಲ್ಲೇ ಪ್ಯಾರಿಸ್‌ಗೆ ಹೋಗಿ ಎಕೋಲ್ ದೆ ಬೋಜಾರ್ ಎಂಬ ಹೆಸರಾಂತ ಕಲಾಶಾಲೆಯಲ್ಲಿ ಕಲಿತರು. ಆ ಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದೇ 1897ರಲ್ಲಿ. ಅಮೃತಾ ಒಂದಿಷ್ಟು ದಶಕ ಮೊದಲು ಹುಟ್ಟಿದ್ದರೆ ಅವರಿಗೂ ಆ ಬಾಗಿಲು ಮುಚ್ಚಿರುತ್ತಿತ್ತು. ಪ್ರತಿಭೆ ಅವರದ್ದೇ, ಸಂಶಯವಿಲ್ಲ. 28ನೇ ವಯಸ್ಸಿಗೆ ಲಾಹೋರಿನಲ್ಲಿ ತೀರಿಕೊಳ್ಳುವಷ್ಟರಲ್ಲಿ ಅವರು ಮಾಡಿದ ಕೆಲಸ ಹಲವರ ಇಡೀ ಬದುಕಿನದಕ್ಕಿಂತ ಹೆಚ್ಚು. 1937ರ ಅವರ 'ದಿ ಸ್ಟೋರಿ ಟೆಲ್ಲರ್' 2023ರ ಸೆಪ್ಟೆಂಬರ್‌ನಲ್ಲಿ 61.8 ಕೋಟಿ ರೂಪಾಯಿಗೆ ಹರಾಜಾಗಿ, ಆಗಿನ ಮಟ್ಟಿಗೆ ಭಾರತೀಯ ಚಿತ್ರಕ್ಕೆ ಬಂದ ಅತಿ ಹೆಚ್ಚಿನ ಬೆಲೆ ಅನ್ನಿಸಿಕೊಂಡಿತು. ಆದರೂ ಮಂಗಳಾಬಾಯಿ, ಸುನಯನೀ ದೇವಿ ಇಬ್ಬರಿಗೂ ಸಿಗದ ಒಂದು ಸಂಗತಿ ಅಮೃತಾಗೆ ಸಿಕ್ಕಿತ್ತು: ತರಬೇತಿ.

ಈ ತರಬೇತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯುರೋಪಿನಲ್ಲಿ ಮೂರು-ನಾಲ್ಕು ಶತಮಾನ ದೊಡ್ಡ ಚಿತ್ರ ಅಂದರೆ ಪುರಾಣದ ದೃಶ್ಯ, ಯುದ್ಧ, ಬೈಬಲ್ಲಿನ ಕಥೆ. ಅದಕ್ಕೆ ಮನುಷ್ಯನ ದೇಹದ ಎಲುಬು-ಸ್ನಾಯು ಗೊತ್ತಿರಬೇಕು. ಗೊತ್ತಾಗಬೇಕಾದರೆ ನಗ್ನ ಮಾದರಿಯನ್ನು ಎದುರಿಗೆ ನಿಲ್ಲಿಸಿಕೊಂಡು ವರ್ಷಗಟ್ಟಲೆ ಬರೆಯಬೇಕು. ಆ ಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ, ಮರ್ಯಾದೆಯ ಪ್ರಶ್ನೆ! ಹಾಗಾಗಿ ಅವರಿಗೆ ಉಳಿದದ್ದು ಹೂವಿನ ಕುಂಡ, ಹಣ್ಣಿನ ಬುಟ್ಟಿ, ಮಕ್ಕಳ ಮುಖ. ಆಮೇಲೆ "ನೋಡಿ, ಹೆಂಗಸರು ಬರೀ ಹೂವು ಹಣ್ಣು ಬರೆಯುತ್ತಾರೆ, ದೊಡ್ಡದೇನೂ ಬರೆಯಲಿಲ್ಲ" ಎಂಬ ಟೀಕೆ. 1971ರಲ್ಲಿ ಲಿಂಡಾ ನಾಕ್ಲಿನ್ ಎಂಬ ಅಮೆರಿಕದ ಕಲಾ ಇತಿಹಾಸಕಾರ್ತಿ ಒಂದು ಲೇಖನ ಬರೆದರು. ಶ್ರೇಷ್ಠ ಕಲಾವಿದೆಯರು ಏಕೆ ಆಗಲಿಲ್ಲ ಎಂಬುದೇ ಅದರ ಶೀರ್ಷಿಕೆ. ಹೆಣ್ಣು ಮೈಕೆಲಾಂಜೆಲೋ ಎಲ್ಲಿದ್ದಾಳೆ ಎಂದು ಹುಡುಕುವ ಆತುರ ಬೇಡ, ಮೈಕೆಲಾಂಜೆಲೋಗಳನ್ನು ತಯಾರು ಮಾಡುವ ಶಾಲೆ, ಸಂಘ, ಪೋಷಕರ ಕಡೆ ನೋಡಿ ಅನ್ನುವುದು ಅವರ ವಾದದ ತಿರುಳು.

ಲಂಡನ್ನಿನ ರಾಯಲ್ ಅಕಾಡೆಮಿಯ ಕಥೆ ಕೇಳಿದರೆ ನಗು ಬರುತ್ತದೆ. 1768ರಲ್ಲಿ ಅದನ್ನು ಕಟ್ಟಿದ ಸದಸ್ಯರಲ್ಲಿ ಇಬ್ಬರು ಹೆಂಗಸರು, ಏಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಕೆಲವೇ ವರ್ಷಗಳಲ್ಲಿ ಜೊಹಾನ್ ಜೋಫನಿ ಎಂಬಾತ ಸದಸ್ಯರೆಲ್ಲ ಸೇರಿದ ಗುಂಪು ಚಿತ್ರ ಬರೆದ. ಸಭೆಯಲ್ಲಿ ನಗ್ನ ಗಂಡು ಮಾದರಿಗಳು ಕುಳಿತಿದ್ದಾರೆ, ಹೆಂಗಸರನ್ನು ಅಲ್ಲಿ ನಿಲ್ಲಿಸುವುದು ಹೇಗೆ? ಜೋಫನಿ ಉಪಾಯ ಮಾಡಿದ. ಆ ಇಬ್ಬರನ್ನೂ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ಬರೆದುಬಿಟ್ಟ! ಸಂಸ್ಥೆ ಕಟ್ಟಿದವರು ಗೋಡೆಯ ಅಲಂಕಾರವಾದರು. ಅವರ ನಂತರ ಚುನಾಯಿತಳಾಗಿ ಪೂರ್ಣ ಸದಸ್ಯತ್ವ ಪಡೆದ ಹೆಂಗಸು ಲಾರಾ ನೈಟ್, 1936ರಲ್ಲಿ. 168 ವರ್ಷ. ನಡುವೆ 1860ರಲ್ಲಿ ಲಾರಾ ಹರ್‌ಫರ್ಡ್ ಎಂಬಾಕೆ ಆ ಅಕಾಡೆಮಿಯ ಶಾಲೆಗೆ ಅರ್ಜಿ ಹಾಕುವಾಗ ಚಿತ್ರದ ಕೆಳಗೆ 'ಎಲ್. ಹರ್‌ಫರ್ಡ್' ಎಂದಷ್ಟೇ ಬರೆದಳು. ಗಂಡಸು ಅಂದುಕೊಂಡು ಸೀಟು ಕೊಟ್ಟರು. ಆಮೇಲೆ ಹಿಂದೆ ತೆಗೆದುಕೊಳ್ಳಲು ನಿಯಮದಲ್ಲಿ ದಾರಿ ಇರಲಿಲ್ಲ, ಹೆಂಗಸರು ಬೇಡ ಎಂದು ಯಾರೂ ಬರೆದಿಡುವ ಗೋಜಿಗೇ ಹೋಗಿರಲಿಲ್ಲ.

ಹೆಸರು ಮುಚ್ಚಿಟ್ಟರೆ ಹೀಗೆ. ಹೆಸರು ಬಯಲಾದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಹಾಲೆಂಡಿನ ಜೂಡಿತ್ ಲೈಸ್ಟರ್‌ದು. 1633ರಲ್ಲಿ ಹಾರ್ಲೆಮ್ ಊರಿನ ಚಿತ್ರಕಾರರ ಸಂಘಕ್ಕೆ ಸೇರಿದ ಆಕೆಗೆ ಸ್ವಂತ ಕಾರ್ಯಾಗಾರವಿತ್ತು, ಶಿಷ್ಯರಿದ್ದರು. ಲೈಸ್ಟರ್ ಅಂದರೆ ದಾರಿ ತೋರುವ ನಕ್ಷತ್ರ, ಹಾಗಾಗಿ ಸಹಿಯ ಜೊತೆ ಒಂದು ಪುಟ್ಟ ನಕ್ಷತ್ರ ಹಾಕುತ್ತಿದ್ದಳು. 1636ರಲ್ಲಿ ಇನ್ನೊಬ್ಬ ಚಿತ್ರಕಾರನನ್ನು ಮದುವೆಯಾದ ಮೇಲೆ ಆಕೆಯ ಚಿತ್ರಗಳು ಬಹುಮಟ್ಟಿಗೆ ನಿಂತುಹೋದವು. ಸತ್ತ ಮೇಲೆ ಹೆಸರೂ ಹೋಯಿತು, ಹಲವು ಚಿತ್ರಗಳು ಫ್ರಾನ್ಸ್ ಹಾಲ್ಸ್ ಎಂಬ ಪ್ರಸಿದ್ಧನ ಖಾತೆಗೆ ಸೇರಿದವು. 1890ರ ದಶಕದಲ್ಲಿ ಲಂಡನ್ನಿನ ವ್ಯಾಪಾರಿಗಳು ಹಾಲ್ಸ್‌ನದೆಂದು ದೊಡ್ಡ ಬೆಲೆ ಕೊಟ್ಟು ಒಂದು ಚಿತ್ರ ಕೊಂಡರು. ನೋಡಿದರೆ ಅದರ ಮೇಲೆ ನಕ್ಷತ್ರದ ಸಹಿ! ಎರಡೂವರೆ ಶತಮಾನದ ಹಿಂದಿನ ಕಲಾವಿದೆಯೊಬ್ಬಳು ಪತ್ತೆಯಾದಳೆಂದು ಅವರು ಕುಣಿದಾಡಲಿಲ್ಲ, ಬೆಲೆ ಇಳಿಸಿಕೊಡಿ ಎಂದು ಮಾರಿದವರ ಮೇಲೆ ಕೋರ್ಟಿಗೆ ಹೋದರು. ಇಳಿಸಿಯೂ ಕೊಟ್ಟರು.

ನಾವು ಸಾಫ್ಟ್‌ವೇರಿನವರು ಒಂದು ಬದಲಾವಣೆಯ ಪರಿಣಾಮ ತಿಳಿಯಬೇಕಾದರೆ ಉಳಿದದ್ದೆಲ್ಲ ಹಾಗೇ ಇಟ್ಟು ಒಂದೇ ಒಂದನ್ನು ಬದಲಿಸಿ ನೋಡುತ್ತೇವೆ. ಇಲ್ಲಿ ಅದೇ ಆಗಿದೆ. ಅದೇ ಕ್ಯಾನ್ವಾಸು, ಅದೇ ಬಣ್ಣ, ಅದೇ ನಗುವ ಜೋಡಿ. ಬದಲಾದದ್ದು ಸಹಿ ಮಾತ್ರ. ಇದಕ್ಕಿಂತ ಶುದ್ಧ ಪ್ರಯೋಗ ಬೇಕೆಂದರೂ ಮಾಡಲಾಗದು.

ಪಾಶ್ಚಾತ್ಯ ಸಂಗೀತದವರು ಇದಕ್ಕೆ ತಮ್ಮದೇ ಮದ್ದು ಕಂಡುಕೊಂಡರು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳು ಆಯ್ಕೆಯ ಹೊತ್ತಿನಲ್ಲಿ ವಾದಕರನ್ನು ಪರದೆಯ ಹಿಂದೆ ಕೂರಿಸತೊಡಗಿದವು. ಚಪ್ಪಲಿಯ ಸದ್ದಿನಿಂದ ಗುರುತು ಸಿಗಬಾರದೆಂದು ಕೆಲವು ಕಡೆ ನೆಲಕ್ಕೆ ಜಮಖಾನೆ ಹಾಸಿದರು. 1970ರಲ್ಲಿ ಅಲ್ಲಿನ ಐದು ಪ್ರಮುಖ ಆರ್ಕೆಸ್ಟ್ರಾಗಳಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಿದ್ದ ಹೆಂಗಸರು 1990ರ ದಶಕದ ಕೊನೆಗೆ ಶೇಕಡಾ 25ರಷ್ಟಾದರು. ಅದರಲ್ಲಿ ಪರದೆಯ ಪಾಲು ಎಷ್ಟು ಎಂಬುದರ ಬಗ್ಗೆ ಸಂಶೋಧಕರಲ್ಲಿ ಚರ್ಚೆ ಇದೆ. ಚಿತ್ರಕಾರರಿಗೆ ಮಾತ್ರ ಪರದೆ ಕಟ್ಟಲು ಬರುವುದಿಲ್ಲ. ಚಿತ್ರದ ಮಾರುಕಟ್ಟೆ ನಡೆಯುವುದೇ ಹೆಸರಿನ ಮೇಲೆ.

ಹಾಗಾಗಿ ಕೆಲವರು ಎಣಿಸಲು ಕುಳಿತರು. 1985ರಲ್ಲಿ ನ್ಯೂಯಾರ್ಕಿನ ಕೆಲವು ಕಲಾವಿದೆಯರು ಗೊರಿಲ್ಲಾ ಮುಖವಾಡ ಹಾಕಿಕೊಂಡು 'ಗೆರಿಲ್ಲಾ ಗರ್ಲ್ಸ್' ಎಂಬ ಗುಂಪು ಕಟ್ಟಿದರು. 1989ರಲ್ಲಿ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಹೋಗಿ ಲೆಕ್ಕ ಹಾಕಿದರು. ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದೆಯರು ಶೇಕಡಾ 5ಕ್ಕಿಂತ ಕಡಿಮೆ, ನಗ್ನ ಚಿತ್ರಗಳಲ್ಲಿ ಹೆಂಗಸರದ್ದು ಶೇಕಡಾ 85. ಮ್ಯೂಸಿಯಮ್ಮಿನ ಒಳಗೆ ಹೋಗಲು ಹೆಂಗಸರು ಬಟ್ಟೆ ಬಿಚ್ಚಲೇಬೇಕೇ ಎಂದು ಪೋಸ್ಟರು ಹಾಕಿದರು. 2012ರಲ್ಲಿ ಮತ್ತೆ ಎಣಿಸಿದಾಗ ಕಲಾವಿದೆಯರ ಪ್ರಮಾಣ ಶೇಕಡಾ 4ಕ್ಕಿಂತ ಕಡಿಮೆ. ನಗ್ನ ಚಿತ್ರಗಳಲ್ಲಿ ಹೆಂಗಸರ ಪಾಲು 76ಕ್ಕೆ ಇಳಿದಿತ್ತು, ಅಂದರೆ ಗಂಡಸರ ಬೆತ್ತಲೆ ಚಿತ್ರ ಹೆಚ್ಚಿತು, ಹೆಂಗಸರ ಸಹಿ ಹೆಚ್ಚಲಿಲ್ಲ!

ನಮ್ಮ ಕಡೆಗೆ ಬರೋಣ. 1947ರಲ್ಲಿ ಮುಂಬೈಯಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಹುಟ್ಟಿತು. ಸೂಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಸ್ವತಂತ್ರ ಭಾರತದ ಆಧುನಿಕ ಕಲೆ ಎಂದರೆ ಇವತ್ತಿಗೂ ಈ ಹೆಸರುಗಳೇ, ಆರೂ ಗಂಡಸರು. ಮುಂದೆ 1953ರಲ್ಲಿ ಆ ಗುಂಪಿನ ಪ್ರದರ್ಶನದಲ್ಲಿ ಕೊಲ್ಹಾಪುರದ ಒಬ್ಬ ಯುವತಿ ಭಾಗವಹಿಸಿದಳು, ಜೆ.ಜೆ. ಕಲಾಶಾಲೆಯಲ್ಲಿ ಚಿನ್ನದ ಪದಕ ಪಡೆದಿದ್ದ ಭಾನು ರಾಜೋಪಾಧ್ಯೆ. ಆಗಲೇ ಮಹಿಳಾ ಪತ್ರಿಕೆಗಳಿಗೆ ಉಡುಪಿನ ಚಿತ್ರ ಬರೆದು ದುಡಿಯುತ್ತಿದ್ದ ಆಕೆ ಕ್ರಮೇಣ ಸಿನಿಮಾ ವಸ್ತ್ರವಿನ್ಯಾಸಕ್ಕೆ ಹೊರಳಿದಳು. ನಮಗೆ ಆಕೆ ಗೊತ್ತಿರುವುದು ಭಾನು ಅಥೈಯಾ ಎಂದು, 'ಗಾಂಧಿ' ಚಿತ್ರಕ್ಕೆ 1983ರಲ್ಲಿ ಆಸ್ಕರ್ ತಂದ ಮೊದಲ ಭಾರತೀಯಳು. ಹೆಮ್ಮೆಯ ಬದುಕು ಅದು, ಅಯ್ಯೋ ಪಾಪ ಅನ್ನುವಂಥದ್ದೇನಲ್ಲ. ಆದರೂ ಚಿತ್ರಕಾರ್ತಿ ಭಾನು ಏನಾಗುತ್ತಿದ್ದರು ಅನ್ನುವ ಕುತೂಹಲ ನನ್ನನ್ನು ಬಿಡುವುದಿಲ್ಲ.

1980ರ ದಶಕದಲ್ಲಿ ನಳಿನಿ ಮಲಾನಿ ನ್ಯೂಯಾರ್ಕಿನಲ್ಲಿ ಹೆಂಗಸರೇ ಸೇರಿ ನಡೆಸುತ್ತಿದ್ದ ಎ.ಐ.ಆರ್. ಗ್ಯಾಲರಿಯನ್ನು ನೋಡಿಬಂದ ಪ್ರೇರಣೆಯಲ್ಲಿ ಅರ್ಪಿತಾ ಸಿಂಗ್, ನೀಲಿಮಾ ಶೇಖ್, ಮಾಧವಿ ಪಾರೇಖ್ ಅವರನ್ನು ಕೂಡಿಸಿಕೊಂಡು 1987ರಿಂದ ಊರೂರಿಗೆ ಹೋಗುವ ಪ್ರದರ್ಶನ ಮಾಡಿದರು. ನಾಲ್ವರೂ ಇಂದು ದೊಡ್ಡ ಹೆಸರು. ಯಾರೋ ಕರೆದು ಜಾಗ ಕೊಡಲಿ ಎಂದು ಕಾಯುತ್ತ ಕೂರಲಿಲ್ಲ ಎಂಬ ಕಾರಣಕ್ಕೆ ನನಗೆ ಈ ನಾಲ್ವರ ಮೇಲೆ ವಿಶೇಷ ಪ್ರೀತಿ.

ಇಲ್ಲಿಯತನಕ ಹೇಳಿದ್ದೆಲ್ಲ ಕಾಗದ, ಕ್ಯಾನ್ವಾಸಿನ ಮಾತು. ನಿಜವಾದ ದೊಡ್ಡ ಲೆಕ್ಕ ಇರುವುದು ಬೇರೆ ಕಡೆ, ನಮ್ಮ ಟ್ರಂಕಿನಲ್ಲಿ.

ನಾನು ಧಾರವಾಡದವಳು. ನಮ್ಮ ಅಜ್ಜಿಯ ಮದುವೆಯ ಚಂದ್ರಕಾಳಿ ಸೀರೆ ಈಗ ನನ್ನ ಹತ್ತಿರ ಇದೆ. ಕಪ್ಪು ಇಳಕಲ್ ಸೀರೆ, ಸೆರಗಿನ ತುಂಬ ಕಸೂತಿ. ಗೋಪುರ, ತೇರು, ತೊಟ್ಟಿಲು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ. ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ. ಬಟ್ಟೆಯ ಮೇಲೆ ಮೊದಲು ಗೆರೆ ಹಾಕಿಕೊಳ್ಳುವ ಮಾತಿಲ್ಲ. ನೂಲಿನ ಎಳೆ ಎಣಿಸಿ ಸೂಜಿ ಹಾಕುವುದು. ಗವಂತಿ ಹಾಕುವಾಗ ಸೂಜಿ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಎಂದು ಆಕಾರವನ್ನೆಲ್ಲ ಸುತ್ತಿ, ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಿ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಗಂಟು ಕಾಣದು, ಎರಡೂ ಬದಿ ಒಂದೇ ಸಮ. ಎಂ.ಟೆಕ್.ನಲ್ಲಿ ಗ್ರಾಫ್ ಥಿಯರಿ ಓದುವಾಗ ಆಯ್ಲರ್‌ನ ಪ್ರಮೇಯ ಬಂತು. ಪ್ರತಿ ಗೆರೆಯ ಮೇಲೂ ಎರಡು ಬಾರಿ ಹೋಗುವುದಾದರೆ, ಎಷ್ಟೇ ಕವಲಿದ್ದರೂ, ಎತ್ತಿದ ಸೂಜಿಯನ್ನು ಇಳಿಸದೆ ಹೊರಟಲ್ಲಿಗೆ ವಾಪಸು ಬರಲು ಸಾಧ್ಯ. ನಮ್ಮ ಅಜ್ಜಿಗೆ ಆಯ್ಲರ್ ಗೊತ್ತಿರಲಿಲ್ಲ. ತೇರಿನ ಯಾವ ಮೂಲೆಯಿಂದ ಹೊರಟರೆ ದಾರ ಸಿಕ್ಕಿಕೊಳ್ಳುವುದಿಲ್ಲ ಅನ್ನುವುದು ಗೊತ್ತಿತ್ತು. ಇದನ್ನೆಲ್ಲ ಹೇಗೆ ಕಲಿತಿ ಅಂದರೆ, "ಅದ್ರಾಗೇನದ ತಂಗಿ, ಕೈ ಖಾಲಿ ಇದ್ದಾಗ ಹಾಕಿದ್ದು" ಅಂತಿದ್ದಳು.

ಗವಂತಿಯಂಥದೇ ಹೊಲಿಗೆ ಯುರೋಪಿನಲ್ಲೂ ಉಂಟು. ಅಲ್ಲಿ ಅದರ ಹೆಸರು 'ಹೋಲ್ಬೈನ್ ಹೊಲಿಗೆ'. ಹೋಲ್ಬೈನ್ ಯಾರು? ಹದಿನಾರನೇ ಶತಮಾನದ ಚಿತ್ರಕಾರ. ಆತ ಸೂಜಿ ಹಿಡಿದವನಲ್ಲ. ಆತ ಬರೆದ ಶ್ರೀಮಂತರ ಭಾವಚಿತ್ರಗಳಲ್ಲಿ ಅಂಗಿಯ ಕೊರಳಪಟ್ಟಿ, ತೋಳಿನ ತುದಿಗಳಲ್ಲಿ ಆ ಹೊಲಿಗೆ ಸೊಗಸಾಗಿ ಕಾಣುತ್ತದೆ, ಅದಕ್ಕೆ ಅವನ ಹೆಸರು. ಹೊಲಿದವರು ಯಾರು ಅನ್ನುವುದು ಎಲ್ಲೂ ಇಲ್ಲ. ಹೊಲಿದದ್ದನ್ನು ನೋಡಿ ಬರೆದವನ ಹೆಸರು ಹೊಲಿಗೆಗೇ ಅಂಟಿಕೊಂಡಿತು. ಇದನ್ನು ಓದಿದ ದಿನ ನಾನು ಅಡಿಗೆ ಮನೆಯಲ್ಲಿ ಒಬ್ಬಳೇ ನಕ್ಕುಬಿಟ್ಟೆ, ಸ್ವಲ್ಪ ಸಿಟ್ಟಿನ ನಗುವೇ ಅದು.

ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಚಿತ್ತಾರವನ್ನು ನೋಡಿರುತ್ತೀರಿ. ಮದುವೆಗೆ ಮುಂಚೆ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಕೂದಲೆಳೆಯಂಥ ಗೆರೆ. ಅಳತೆಗೋಲಿಲ್ಲದೆ ಒಂದು ಗೆರೆಯೂ ಸೊಟ್ಟವಾಗದು. ಗೋಡೆಗೆ ಮತ್ತೆ ಸಾರಣೆಯಾದರೆ ಹೋಯಿತು. ಇಂಥದ್ದಕ್ಕೆಲ್ಲ ನಾವು ಕೊಟ್ಟ ಹೆಸರು ಕರಕುಶಲ. ಗಂಡಸರು ಹೆಸರು ಹಾಕಿ ಚೌಕಟ್ಟಿನಲ್ಲಿಟ್ಟರೆ ಕಲೆ, ಹೆಂಗಸರು ಹೆಸರಿಲ್ಲದೆ ಮನೆಗೆ ಮಾಡಿದರೆ ಕರಕುಶಲ. ಕರಕುಶಲ ಅನ್ನುವುದು ಕೆಟ್ಟ ಪದವಲ್ಲ. ಅದರ ಬೆಲೆಪಟ್ಟಿ ಬೇರೆ, ಅಷ್ಟೇ.

ಈ ಗೋಡೆಯನ್ನು ಸೂಜಿಯಿಂದಲೇ ತೂತು ಮಾಡಿದವರು ನಮ್ಮವರೇ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಬೆಂಗಳೂರಿನ ಕೆನ್ ಶಾಲೆ, ಬರೋಡಾ, ಶಾಂತಿನಿಕೇತನ, ಲಂಡನ್ ಎಂದು ಕಲಿತು ಬಂದವರು. ಮೊದಲು ಕ್ಯಾನ್ವಾಸಿನ ಚಿತ್ರ ಮಾಡುತ್ತಿದ್ದವರು 1990ರ ದಶಕದಲ್ಲಿ ಸೆಗಣಿಯಲ್ಲಿ ಕೆಲಸ ಮಾಡತೊಡಗಿದರು. ಆಮೇಲೆ ನೂಲು, ಸೂಜಿ, ಕುಂಕುಮ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಕಲಸಿದ ಅಂಟಿನಲ್ಲಿ ಒಟ್ಟು ಸೇರಿಸಿ, ಕೆಂಪು ಹಗ್ಗಗಳಾಗಿ ಇಡೀ ಕೋಣೆಯಲ್ಲಿ ಇಳಿಬಿಟ್ಟರು. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಮಿನುಗುತ್ತವೆ. ಅವರ ಕೃತಿಗಳು 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ, 2009ರಲ್ಲಿ ವೆನಿಸ್ ಬಿಯೆನ್ನಾಲೆಗೆ ಹೋದವು. ನಮ್ಮ ಅಜ್ಜಿಯರ ಹೊಲಿಗೆ ಪೆಟ್ಟಿಗೆಯ ಸಾಮಾನೇ ಅದು. ಹಾಗೆಯೇ ಬೆಂಗಳೂರಿನ ಎನ್. ಪುಷ್ಪಮಾಲಾ ರವಿವರ್ಮನ ಹೆಂಗಸರಂತೆ ತಾವೇ ಸೀರೆ ಉಟ್ಟು, ಅದೇ ಭಂಗಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಚಿತ್ರದೊಳಗಿನ ಹೆಂ​ಗಸೇ ಈ ಸಲ ಕಲಾವಿದೆ.

ಕೊನೆಗೆ ನಮ್ಮ ಮನೆಯ ಮಾತು. ಈ ಭಾಷಣಕ್ಕೆ ತಯಾರಾಗುವಾಗ ನಮ್ಮ ಸಂಘದ ಹಿಂದಿನ ಸ್ಮರಣ ಸಂಚಿಕೆಗಳ ಪಿಡಿಎಫ್ ತೆಗೆದು ನೋಡಿದೆ. ಮುಖಪುಟ ಮಾಡಿದವರ ಹೆಸರಿದೆ, ಪರಿಚಯವಿದೆ. ಒಳಗೆ ಗಣೇಶೋತ್ಸವದ ರಂಗೋಲಿಗಳ ಚೆಂದದ ಫೋಟೋಗಳಿವೆ. ಕೆಳಗೆ "ಸದಸ್ಯೆಯರು ಬಿಡಿಸಿದ ಆಕರ್ಷಕ ರಂಗೋಲಿಗಳು" ಎಂದಿದೆ. ಯಾವ ಸದಸ್ಯೆಯರು? ಮೂರು ತಾಸು ಸೊಂಟ ಬಗ್ಗಿಸಿ ಹಾಕಿದ ಚುಕ್ಕಿ ರಂಗೋಲಿಗೆ ಯಜಮಾನಿ ಇಲ್ಲವೇ? ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಪುಟ ಜೋಡಿಸಿದವರೂ ನಾವೇ ಹೆಂಗಸರು. ಬರೆಯಬೇಕು ಎಂದು ಹೊಳೆದಿಲ್ಲ, ಅಷ್ಟೇ.

ಡೇಟಾಬೇಸಿನಲ್ಲಿ ನಾವು 'ನಲ್' ಅನ್ನುವ ಒಂದು ಪದ ಬಳಸುತ್ತೇವೆ. ಸೊನ್ನೆ ಬೇರೆ, ನಲ್ ಬೇರೆ. ಸೊನ್ನೆ ಅಂದರೆ ಎಣಿಸಿ ನೋಡಿದೆವು, ಏನೂ ಇರಲಿಲ್ಲ. ನಲ್ ಅಂದರೆ ಆ ಜಾಗವನ್ನು ಯಾರೂ ತುಂಬಲಿಲ್ಲ. ಹೊಸಬರು ಪ್ರೋಗ್ರಾಂ ಬರೆಯುವಾಗ ನಲ್ ಇದ್ದಲ್ಲೆಲ್ಲ ಸೊನ್ನೆ ಎಂದು ಓದಿ ಇಡೀ ವರದಿಯನ್ನು ತಪ್ಪು ಮಾಡುತ್ತಾರೆ. ಕಲೆಯ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಅದೇ ತಪ್ಪು ಕಣ್ಣಿಗೆ ಬಿತ್ತು. ಕಸೂತಿ ಸೀರೆಯ ಚೀಟಿಯಲ್ಲಿ ಊರು ಇರುತ್ತದೆ, ಶತಮಾನ ಇರುತ್ತದೆ, ಮಾಡಿದವರ ಜಾಗ ಖಾಲಿ.

ಆದ್ದರಿಂದ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ಕಾಫಿಯ ಮೇಜಿನ ಪಕ್ಕ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ನಿಮ್ಮ ಮನೆಯಲ್ಲಿರುವ ಕಸೂತಿ, ಕೌದಿ, ಚಿತ್ತಾರದ ತಟ್ಟಿ, ಮಣಿಯ ತೋರಣ, ಗೋಡೆಯ ಚಿತ್ರ, ರಂಗೋಲಿಯ ಹಳೇ ನೋಟ್‌ಬುಕ್, ಏನೇ ಇರಲಿ, ಅದರ ವಿವರ ಬರೆಯಿರಿ. ಯಾರು ಮಾಡಿದ್ದು, ಯಾವ ಊರು, ಅಂದಾಜು ಯಾವ ವರ್ಷ, ಯಾರಿಂದ ಕಲಿತದ್ದು. ಫೋಟೋ ಸಂಘದ ಗುಂಪಿಗೆ ಕಳಿಸಿದರೆ ಸಾಕು, ಕಂಪ್ಯೂಟರಿನ ಕೆಲಸ ನಾನು ಮಾಡುತ್ತೇನೆ. ಕಸೂತಿಯಾದರೆ ದಯವಿಟ್ಟು ಎರಡೂ ಬದಿಯ ಫೋಟೋ ತೆಗೆಯಿರಿ. ಇದನ್ನು ಆನ್‌ಲೈನ್‌ನಲ್ಲಿ ಓದುತ್ತಿರುವವರೂ ಹಾಗೆಯೇ ಕಳಿಸಬಹುದು.

ಹೆಸರಿಗೆ ಎರಡು ಕಾಲಮ್ ಹಾಕಿದ್ದೇನೆ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಹಳೆಯದನ್ನು ಅಳಿಸುವ ಪದ್ಧತಿ ನಮ್ಮ ಕಡೆಯೂ ಉಂಟು, ಇಲ್ಲಿ ಮಹಾರಾಷ್ಟ್ರದಲ್ಲೂ ಉಂಟು. ಹದಿನೈದನೇ ವಯಸ್ಸಿನಲ್ಲಿ ತವರಿನಲ್ಲಿ ಹಾಕಿದ ಕಸೂತಿಯನ್ನು ಗಂಡನ ಮನೆಯ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಒಂದು ಕಾಲಮ್ ತವರಿನ ಹೆಸರಿಗೆ, ಇನ್ನೊಂದು ಆಮೇಲಿನ ಹೆಸರಿಗೆ. ನಮ್ಮ ಅಜ್ಜಿಯ ತವರಿನ ಹೆಸರು ನನಗೂ ಗೊತ್ತಿರಲಿಲ್ಲ. ಹೋದ ವಾರ ಧಾರವಾಡಕ್ಕೆ ಫೋನ್ ಮಾಡಿ ದೊಡ್ಡಮ್ಮನನ್ನು ಕೇಳಿದೆ. ಆಕೆಗೂ ತಕ್ಷಣ ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ ಆಕೆಯೇ ಫೋನ್ ಮಾಡಿ ಹೇಳಿದಳು: ಚಂಪಾ. ರಿಜಿಸ್ಟರಿನ ಮೊದಲ ಸಾಲಿನಲ್ಲಿ ಬರೆದಿದ್ದೇನೆ, ಎರಡನೇ ಸಾಲಿನಿಂದ ನೀವು ಮುಂದುವರಿಸಿ. ಕಾಫಿ ತಣ್ಣಗಾಗುವ ಮುಂಚೆ ಹೋಗೋಣ.